ತೂರ್ ಗುಡ್ಡದ ಸುರ್ಮಾ

ಕೆಂಪಗೆ ಕಾದ ಕಲ್ಲನ್ನು ಬೇವಿನ ರಸಕ್ಕೆ ಅದ್ದಿದರೆ ಬರುವ ವಾಸನೆ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ನಾ ಕಾಣೆ. ಮೊನ್ನೆ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ, ಬೇವಿನ ಮರದ ಬುಡದಲ್ಲಿ, ಕಮ್ಮಾರನೊಬ್ಬ ಕುಡುಗೋಲು ಕಾಯಿಸಿ ಬಕೆಟ್ಟಿಗೆ ಅದ್ದಿದ. ಉದುರಿದ ಎಲೆ ಆ ನೀರಿನಲ್ಲಿ ಕೊಳೆತಿತ್ತು. ಚುಂಯ್ ಎಂದು ಎದ್ದ ಹಬೆ ಮೂಗಿಗೆ ಬಡಿಯಿತು. ಕಹಿ ವಾಸನೆ, ಸುಟ್ಟ ಮಣ್ಣಿನಂಥದು, ಗಂಟಲಲ್ಲಿ ಹೋಗಿ ಕೂರುವಂಥದು. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ, ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕೊಟ್ಟೂರಿನ ನಮ್ಮ ಮನೆಯ ಹಿತ್ತಲಲ್ಲಿ ನನ್ನ ಅಜ್ಜಿ ಖಾಜಾಬಿ ಸುರ್ಮಾದ ಕಲ್ಲನ್ನು ಹೀಗೇ ಕೆಂಡದಲ್ಲಿ ಕಾಯಿಸಿ ಹೀಗೇ ಅದ್ದುತ್ತಿದ್ದಳು. ಆಗ ಅವಳ ಸೆರಗು ಹಿಡಿದು ನಿಂತಿರುತ್ತಿದ್ದವರು ಇಬ್ಬರು. ನಾನು ಒಬ್ಬಳು, ನನ್ನ ತಂಗಿ ಮೌಲಮ್ಮ ಒಬ್ಬಳು.

ನಾವು ಪಿಂಜಾರರು, ಅರಳೆ ಹಿಂಜಿ ಗಾದಿ ಹೊಲಿಯುವ ಜನ. ಹೆಸರು ಸಾಬರದು, ಮನೆಯ ಮಾತು ಕನ್ನಡ. ಅಪ್ಪ ಹೊನ್ನೂರಸಾಬ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ತಿರುಗುತ್ತಿದ್ದ. ಊರಲ್ಲಿದ್ದಾಗ ಮುಂದಿನ ಪಡಸಾಲೆಯಲ್ಲಿ ತೊಲೆಗೆ ಬಿಲ್ಲನ್ನು ಇಳಿಬಿಟ್ಟು, ಕೊಡತಿಯಿಂದ ಅದರ ನಾರಿಯನ್ನು ಬಡಿಯುತ್ತಿದ್ದ. ಟಂಯ್ ಟಂಯ್ ಎಂಬ ಆ ಸದ್ದಿಗೆ ನಾವು ಎದ್ದೆವು, ಆ ಸದ್ದಿಗೇ ಉಂಡೆವು. ಅರಳೆ ಎದ್ದು ಮನೆ ತುಂಬ ತೇಲುತ್ತಿತ್ತು. ರೊಟ್ಟಿಯ ಮೇಲೆ ಅರಳೆ, ನೀರಿನ ಕೊಡದಲ್ಲಿ ಅರಳೆ, ರೆಪ್ಪೆಯ ಮೇಲೆ ಅರಳೆ. ಚಂದ ಅಂದುಕೊಳ್ಳಬೇಡಿ. ಅದರ ದೂಳಿಗೆ ಅಪ್ಪ ಕೆಮ್ಮಿ ಕೆಮ್ಮಿ ಗೋಡೆ ಹಿಡಿಯುತ್ತಿದ್ದ, ನಮ್ಮೆಲ್ಲರ ಕಣ್ಣು ಯಾವಾಗಲೂ ಕೆಂಪಗೆ ಊದಿರುತ್ತಿದ್ದವು. ಅದಕ್ಕೇ ನಮ್ಮ ಮನೆಯಲ್ಲಿ ಸುರ್ಮಾ, ಕಣ್ಣಿಗೆ ಎಳೆಯುವ ಕರೀ ಪುಡಿ. ಉಪ್ಪು ಇಲ್ಲದ ದಿನ ಇತ್ತು, ಸುರ್ಮಾ ಇಲ್ಲದ ದಿನ ಇರಲಿಲ್ಲ.

ಕಲ್ಲು ಇರುತ್ತಿದ್ದುದು ಒಳಮನೆಯ ಗೂಡಿನಲ್ಲಿ, ಹಸಿರು ಬಟ್ಟೆಯಲ್ಲಿ ಸುತ್ತಿ. ಮುಷ್ಟಿಯಷ್ಟು ದೊಡ್ಡದು, ಕರ್ರಗೆ, ಒಡೆದ ಕಡೆ ಮೀನಿನ ಹುರುಪೆಯ ಹಾಗೆ ಮಿರಮಿರ ಎನ್ನುವುದು. ಅಜ್ಜ ಬದುಕಿದ್ದಾಗ ಒಬ್ಬ ಫಕೀರ ಒಂದು ಮಳೆಗಾಲ ನಮ್ಮ ಮನೆಯಲ್ಲಿ ಉಂಡು ಮಲಗಿ, ಹೋಗುವಾಗ ಇದನ್ನು ಕೊಟ್ಟನಂತೆ. ತೂರ್ ಗುಡ್ಡದ ಚೂರು ಎಂದು ಹೇಳಿದನಂತೆ. ಅಜ್ಜಿ ಅದರಿಂದ ಒಂದು ಹಳಕು ಒಡೆದು, ಕಾಯಿಸಿ, ಅದ್ದಿ, ಮತ್ತೆ ಕಾಯಿಸಿ, ಪನ್ನೀರು ಬಿಟ್ಟು ಕಲ್ಬತ್ತಿನಲ್ಲಿ ಅರೆಯುತ್ತಿದ್ದಳು. ಬೆರಳಿಗೆ ಸಿಗದಷ್ಟು ನುಣ್ಣಗಾಗುವ ತನಕ ದಿನಗಟ್ಟಲೆ ಅರೆಯುವುದು. ಅರೆಯುವಾಗ ಮಾತಾಡುವ ಹಾಗಿಲ್ಲ. ಜುಮ್ಮಾದ ದಿನ, ಎಂದರೆ ಶುಕ್ರವಾರ, ಓಣಿಯ ಹೆಂಗಸರು, ಹೊಸಹಳ್ಳಿ ಕಡೆಯ ಕುರಿ ಕಾಯುವ ಕುರುಬರು, ಯಾರ್‍ಯಾರೋ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು. ಅಜ್ಜಿ ಹಿತ್ತಾಳೆ ಕಡ್ಡಿಯನ್ನು ಸುರ್ಮಾದಲ್ಲಿ ಹೊರಳಿಸಿ, ಬಿಸ್ಮಿಲ್ಲಾ ಅಂದು, ಮುಚ್ಚಿದ ಕಣ್ಣಿನ ನಡುವೆ ಎಳೆದುಬಿಡುತ್ತಿದ್ದಳು. ಯಾರಿಂದಲೂ ಒಂದು ಕಾಳನ್ನೂ ತೆಗೆದುಕೊಳ್ಳುತ್ತಿರಲಿಲ್ಲ. "ದೇವ್ರ ಗುಡ್ಡ ಐತವ್ವ, ನಮ್ಮಪ್ಪನ ಹೊಲ ಅಲ್ಲ" ಅನ್ನುವಳು.

ಆ ಗುಡ್ಡದ ಕತೆ ಅವಳ ಬಾಯಲ್ಲೇ ಕೇಳಬೇಕಿತ್ತು. ಮೂಸಾ ಪೈಗಂಬರರು ಕುರಿ ಕಾಯುತ್ತಿದ್ದವರು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ತೂರ್ ಗುಡ್ಡದ ಮೇಲೆ ಬೆಂಕಿ ಕಂಡು ಹತ್ತಿ ಹೋದರೆ ಅದು ಬೆಂಕಿ ಅಲ್ಲ, ದೇವರ ಮಾತು. ಆಮೇಲೆ ಇನ್ನೊಂದು ಸಲ ಹತ್ತಿದಾಗ ಅವರು ಕೇಳಬಾರದ್ದನ್ನು ಕೇಳಿದರು, ನಿನ್ನ ಮುಖ ತೋರಿಸು ಎಂದರು. ನಿನ್ನಿಂದ ತಡೆಯೋಕಾಗಲ್ಲ, ಈ ಗುಡ್ಡವನ್ನು ನೋಡು, ಅದು ನಿಂತರೆ ನೀನೂ ನಿಲ್ಲುತ್ತೀಯ ಎಂದು ದೇವರು ಅಂದ. ಸೂಜಿಯ ಕಣ್ಣಿನಲ್ಲಿ ತೂರುವಷ್ಟು ಬೆಳಕು ಬಿಟ್ಟ. ಗುಡ್ಡ ಸುಟ್ಟು ಕರೀ ಪುಡಿಯಾಯಿತು, ಮೂಸಾ ಎಚ್ಚರ ತಪ್ಪಿ ಬಿದ್ದರು. ಆ ಪುಡಿಯೇ ಸುರ್ಮಾ. ದೇವರ ಬೆಳಕು ಕುಡಿದ ಕಲ್ಲು, ಅದಕ್ಕೇ ಕಣ್ಣಿಗೆ ಬೆಳಕು ಕೊಡುತ್ತದೆ. ಇದು ಅಜ್ಜಿಯ ಲೆಕ್ಕ.

"ಉಚ್ಚಂಗಿದುರ್ಗಕ್ಕಿಂತ ದೊಡ್ಡದೇನಜ್ಜಿ?" ಎಂದು ಮೌಲಿ ಕೇಳುವಳು. ಅವಳು ಕಂಡಿದ್ದ ದೊಡ್ಡ ಗುಡ್ಡ ಅದೊಂದೇ.

"ದುರ್ಗ ಅದರ ಮೊಣಕಾಲಿಗೂ ಬರಲ್ಲ ಹೋಗ."

ನಾವಿಬ್ಬರೂ ಊರ ಹೊರಗಿನ ಕಲ್ಲುಗುಡ್ಡೆಯ ಮೇಲೆ ಅದೇ ಆಟ ಆಡುತ್ತಿದ್ದೆವು. ದೊಡ್ಡವಳಾದ್ದರಿಂದ ನಾನು ಯಾವಾಗಲೂ ಮೂಸಾ, ಅವಳು ಯಾವಾಗಲೂ ಗುಡ್ಡ. ನಾನು ಕೋಲು ಎತ್ತಿದರೆ ಅವಳು ಬೀಳಬೇಕು. "ಅಕ್ಕಾ, ಇವತ್ತೊಂದಿನ ನಾ ಮೂಸಾ ಆಗ್ತೀನಿ" ಎಂದು ಗೋಗರೆಯುವಳು. "ಗುಡ್ಡಕ್ಕ ಬಾಯಿ ಇರಲ್ಲಲೇ, ಸುಮ್ಕ ಬೀಳು" ಎನ್ನುತ್ತಿದ್ದೆ. ಬೀಳುವಳು ಪಾಪ, ಚೆನ್ನಾಗಿಯೇ ಬೀಳುವಳು, ಮೊಣಕೈ ಕೆತ್ತಿಕೊಂಡು ನಗುವಳು.

ಎಮರ್ಜೆನ್ಸಿ ಮುಗಿದ ಮರುವರ್ಷ ಇರಬೇಕು, ಬೇಸಿಗೆಯಲ್ಲಿ ಓಣಿಗೆಲ್ಲ ದಡಾರ ಬಂತು. ನನಗೂ ಬಂತು, ಹೋಯಿತು. ಮೌಲಿಗೆ ಬಂದದ್ದು ಹೋಗಲಿಲ್ಲ. ಅವಳಿಗೆ ಆಗ ಐದು ವರ್ಷ. ಮೈಮೇಲಿನ ಗುಳ್ಳೆ ಒಣಗಿ ಸಿಪ್ಪೆ ಎದ್ದರೂ ಜ್ವರ ಇಳಿಯಲಿಲ್ಲ, ಹೊಟ್ಟೆ ನಿಲ್ಲಲಿಲ್ಲ, ಎಲುಬು ಕಾಣುವ ಹಾಗಾದಳು. ಕಣ್ಣು ಕೀವು ಕಟ್ಟಿ ಅಂಟಿಕೊಂಡವು. ಅವ್ವ ಬಿಸಿನೀರಿನ ಬಟ್ಟೆಯಿಂದ ಒರೆಸಿ ಬಿಡಿಸಿದರೆ, ಬೆಳಕು ಕಂಡು ಚೀರಿ ಕೌದಿಯೊಳಗೆ ಮುಖ ಹುಗಿಯುವಳು. ಅಪ್ಪ ಆಗ ಊರಲ್ಲಿಲ್ಲ. ಹರಪನಹಳ್ಳಿಯಲ್ಲಿ ಒಂದು ದೊಡ್ಡ ಮದುವೆ ಮನೆಗೆ ಗಾದಿ ಹೊಲಿಯಲು ಹೋಗಿದ್ದ. ಮನೆಯಲ್ಲಿದ್ದವರು ಅಜ್ಜಿ, ಅವ್ವ, ನಾವಿಬ್ಬರು.

ಓಣಿಗಳಿಗೆ ತಿರುಗುವ ಒಬ್ಬ ನರ್ಸಮ್ಮ ಇದ್ದಳು, ಸುಗುಣಮ್ಮ ಎಂದು. ಕ್ರಿಶ್ಚಿಯನ್ನರಾಕೆ, ಬಳ್ಳಾರಿ ಕಡೆಯವಳು, ಬಿಳೀ ಸೀರೆ, ಗಂಡಸಿನಂಥ ದನಿ. ದಡಾರದ ಮನೆಗಳನ್ನು ನೋಡುತ್ತ ನಮ್ಮ ಮನೆಗೂ ಬಂದಳು. ಮೌಲಿಯ ರೆಪ್ಪೆಯನ್ನು ಬೆರಳಲ್ಲಿ ಎತ್ತಿ ನೋಡಿದವಳ ಮುಖ ಬಿಗಿಯಿತು.

"ಕರಿಗುಡ್ಡಿ ಮ್ಯಾಲೆ ಹುಣ್ಣಾಗೇತಿ. ಈ ಮುಲಾಮು ಹಾಕ್ರಿ. ನಾಳಿ ಮೊದಲನೇ ಬಸ್ಸಿಗೆ ಬಳ್ಳಾರಿ ದವಾಖಾನಿಗೆ ಕರಕೊಂಡು ಹೋಗ್ರಿ. ಬ್ಯಾರೆ ಏನೂ ಕಣ್ಣಾಗ ಹಾಕಬ್ಯಾಡ್ರಿ, ಕೇಳಿದ್ರೇನಜ್ಜಿ, ಏನೂ."

ಅಜ್ಜಿಯ ಕೈಯಲ್ಲಿ ಸುರ್ಮಾದ ಬಟ್ಟಲು ಇತ್ತು. "ನಿನ್ನ ಮುಲಾಮು ಯಾವ ಫ್ಯಾಕ್ಟರಿದೋ ಏನೋ. ನಂದು ದೇವ್ರು ಮಾಡಿದ್ದು" ಅಂದಳು.

"ಕಲ್ಲನ್ನೂ ದೇವ್ರೇ ಮಾಡ್ಯಾನ, ಕಣ್ಣನ್ನೂ ದೇವ್ರೇ ಮಾಡ್ಯಾನ. ಇದನ್ನ ಅದರಾಗ ಹಾಕ್ರಿ ಅಂತ ಎಲ್ಲಿ ಹೇಳ್ಯಾನ?"

"ಬರೇ ಕಲ್ಲಲ್ಲವ್ವ ಇದು. ತೂರ್ ಗುಡ್ಡ. ಮೂಸಾ ಪೈಗಂಬರರು ಹತ್ತಿದ ಗುಡ್ಡ. ನಿನಗೇನು ತಿಳಿಬೇಕು!"

ಎದ್ದು ನಿಂತಿದ್ದ ನರ್ಸಮ್ಮ ಚೀಲವನ್ನು ಕೆಳಗಿಟ್ಟು ಮತ್ತೆ ಕುಳಿತಳು. "ಮೋಶೆ ಹತ್ತಿದ ಗುಡ್ಡ ನನಗ್ಯಾಕ ಗೊತ್ತಿಲ್ಲ? ಸೀನಾಯಿ ಅಂತೀವಿ ನಾವು. ನಮ್ಮ ಶಾಸ್ತ್ರದಾಗ ಐತಿ, ನಮಗಿಂತ ಮುಂಚೇಕಿನ ಯೆಹೂದ್ಯರ ಶಾಸ್ತ್ರದಾಗೂ ಐತಿ. ಅಲ್ಲಿ ಏನೈತಿ ಹೇಳ್ತೀನಿ ಕೇಳ್ರಿ. ಜನಾ ಎಲ್ಲ ಬಟ್ಟಿ ಒಕ್ಕೊಂಡು ಮಡಿಯಾಗಿ ಗುಡ್ಡದ ಕೆಳಗ ನಿಂತಿದ್ರು. ಸುತ್ತ ಗಡಿ ಹಾಕು ಅಂದ ದೇವ್ರು. ಯಾರೂ ಹತ್ತಬಾರದು, ಅಂಚು ಸೈತ ಮುಟ್ಟಬಾರದು. ಮುಟ್ಟಿದಾವ ಸಾಯಬೇಕು, ಮನಷಾ ಆಗ್ಲಿ ದನಾ ಆಗ್ಲಿ. ಅಂಥಾ ಗುಡ್ಡ ಅದು! ಅದನ್ನ ನೀವು ಅರದು ಕೂಸಿನ ಕಣ್ಣಿಗೆ ತುಂಬಾಕ ಹತ್ತೀರಿ!"

ಗೆದ್ದೆ ಎಂದು ನರ್ಸಮ್ಮ ತಿಳಿದಳು. ಅವ್ವನೂ ಹಾಗೇ ತಿಳಿದಳು, ಅವಳ ಕಣ್ಣಲ್ಲಿ ಆಸೆ ಬಂದದ್ದನ್ನು ನಾನು ಕಂಡೆ. ಅಜ್ಜಿ ಮಾತ್ರ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಮುಂದಕ್ಕೆ ಬಾಗಿದಳು.

"ಹೊಗಿ ಎದ್ದಿತ್ತಾ?"

"ಎದ್ದಿತ್ತು. ಭಟ್ಟಿ ಹೊಗಿ ಎದ್ದಂಗ."

"ಬೆಂಕಿ?"

"ಬೆಂಕಿನೂ ಇಳಿದಿತ್ತು. ದೇವ್ರು ಬೆಂಕಿಯಾಗೇ ಇಳಿದ."

"ಹಂಗಾರ ಸುಟ್ಟಿದ್ದು ಖರೇ ಆತು!" ಅಜ್ಜಿ ತೊಡೆ ತಟ್ಟಿದಳು. ಅವಳ ಮುಖ ಆವತ್ತಿನಷ್ಟು ಅರಳಿದ್ದನ್ನು ನಾನು ಮತ್ತೆ ಕಾಣಲಿಲ್ಲ. "ಕೇಳಿದೇನಲೇ ಬೀಬಿ? ಅವರ ಕಿತಾಬಿನ್ಯಾಗೂ ನಮ್ಮ ಗುಡ್ಡ ಐತಂತ! ನರ್ಸಮ್ಮ ತಾನ ಹೇಳಾಕಹತ್ಯಾಳ. ಇನ್ನೇನು ಬೇಕು?"

ಬೀಬಿ ಎಂದರೆ ನಮ್ಮವ್ವ. ಅವಳು ತಲೆ ತಗ್ಗಿಸಿದಳು. ಮುಟ್ಟಬೇಡ ಎಂದು ಹೇಳಲು ತಂದ ಮಾತು ಮುಟ್ಟು ಎಂದು ಹೇಳಿ ಹೋಯಿತು. ನರ್ಸಮ್ಮ ಬರದೇ ಇದ್ದಿದ್ದರೆ ಅಜ್ಜಿ ತನ್ನ ಕಲ್ಲನ್ನು ಅಷ್ಟು ಗಟ್ಟಿಯಾಗಿ ನಂಬಿ ಕೂರುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಆದರೂ ಆಕೆಯದು ತಪ್ಪಲ್ಲ. ಒಳ್ಳೆಯದಕ್ಕೆ ಬಂದಿದ್ದಳು, ಒಳ್ಳೆಯ ಮಾತನ್ನೇ ಆಡಿದಳು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಅವ್ವ ಬೆಳಗಾಗುತ್ತಲೇ ಅಜ್ಜಿ ಹಿತ್ತಲಿಗೆ ಹೋದುದನ್ನು ನೋಡಿ, ಜೋಳದ ಗಡಿಗೆಯಲ್ಲಿ ಅಡಗಿಸಿಟ್ಟ ಮುಲಾಮು ತೆಗೆದು ಮೌಲಿಯ ಕಣ್ಣಿಗೆ ಸವರುವಳು. ಬಿಸಿಲೇರಿದ ಮೇಲೆ ಅಜ್ಜಿ ಬಂದು, "ಏನಿದು ಜಿಡ್ಡು" ಎಂದು ಬೇವಿನ ನೀರಿನಲ್ಲಿ ತೊಳೆದು ಸುರ್ಮಾ ಎಳೆಯುವಳು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಒರೆಸುವುದು. ಇಬ್ಬರೂ ಬಾಯಿ ಬಿಟ್ಟು ಜಗಳ ಆಡಲಿಲ್ಲ. ಎಲ್ಲ ಜಗಳವೂ ಆ ಐದು ವರ್ಷದ ಕೂಸಿನ ಕಣ್ಣಿನಲ್ಲೇ ನಡೆಯಿತು.

"ಅತ್ತಿ, ಬಳ್ಳಾರಿಗೆ ಹೋಗಿ ಬರ್ತೀನ್ರಿ. ಹುಸೇನಬಿನ ಜೋಡಿ ಮಾಡಿಕೊಂಡು ಹೋಗ್ತೀನಿ" ಎಂದು ಅವ್ವ ನನ್ನ ಹೆಸರು ಹಿಡಿದು ಕೇಳಿದಳು. ಅವಳು ಅಲ್ಲಿಯ ತನಕ ಒಬ್ಬಳೇ ಬಸ್ಸು ಹತ್ತಿದವಳಲ್ಲ.

"ಹೊನ್ನೂರ ಬರಲಿ."

"ಅವರು ಬರೂತನಕ ಕಣ್ಣು ಕಾಯ್ತಾವೇನ್ರಿ?"

"ಕಾಯ್ತಾವ. ದೇವ್ರ ಬೆಳಕು ಒಳಗ ಐತಿ. ನಿನ್ನ ಬಸ್ಸಿನ್ಯಾಗ ಏನೈತಿ, ದೂಳು."

ಅತ್ತೆಯ ಮಾತನ್ನು ಮೀರಿ ಹೊಸಲು ದಾಟುವುದನ್ನು ನಮ್ಮವ್ವನಿಗೆ ಯಾರೂ ಕಲಿಸಿರಲಿಲ್ಲ. ಈಗಿನ ಹುಡುಗಿಯರು ಕೇಳಿದರೆ ಹುಬ್ಬು ಹಾರಿಸುತ್ತಾರೆ. ಹಾರಿಸಲಿ.

ಮೌಲಿ ಅಜ್ಜಿಯ ತೊಡೆಯ ಮೇಲೆಯೇ ಮಲಗುತ್ತಿದ್ದಳು, ಅವ್ವನಿಗಿಂತ ಅಜ್ಜಿಯೇ ಬೇಕು ಅವಳಿಗೆ. ಕಡ್ಡಿ ಹತ್ತಿರ ಬಂದಾಗ ಎರಡೂ ಮುಷ್ಟಿ ಬಿಗಿಹಿಡಿಯುವಳು. "ಉರಿತೈತಜ್ಜಿ" ಅನ್ನುವಳು. "ಗುಡ್ಡ ಉರಿದಿತ್ತವ್ವ. ಉರಿದ ಮ್ಯಾಲೇ ಬೆಳಕು" ಎಂದು ಅಜ್ಜಿ ಊದುವಳು. ಅಜ್ಜಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಇದನ್ನು ಹೇಳುವುದು ಸುಲಭವಾಗುತ್ತಿತ್ತು. ಕೂಸಿನ ಕಾಲು ಒತ್ತುತ್ತ ಕೂತಲ್ಲೇ ತೂಕಡಿಸುವಳು, ತನ್ನ ಪಾಲಿನ ಹಾಲನ್ನು ಅವಳ ಬಾಯಿಗೆ ಬಿಡುವಳು.

ಒಂದು ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಕುಳಿತು ಅರಳೆ ಬಿಡಿಸುತ್ತಿದ್ದಳು. ಮೌಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ನೋಡುತ್ತೇನೆ, ಎರಡೂ ಕಣ್ಣು ತೆರೆದಿದ್ದಾಳೆ! ಅಷ್ಟು ದಿನ ಬೆಳಕಿಗೆ ಹೆದರುತ್ತಿದ್ದವಳು ಬಾಗಿಲ ಬಿಸಿಲಿಗೆ ಮುಖ ಕೊಟ್ಟು ಕುಳಿತಿದ್ದಾಳೆ. "ಅವ್ವಾ, ಮೌಲಿ ಕಣ್ಣು ಬಿಟ್ಟಾಳ!" ಎಂದು ಕೂಗಿ ಕುಣಿದೆ. ಹಿತ್ತಲಿಂದ ಅಜ್ಜಿ, "ನಾ ಹೇಳಿದ್ದಿಲ್ಲಾ?" ಎಂದು ಕೂಗಿದಳು. ಅಷ್ಟರಲ್ಲಿ ಗಾಳಿ ಬೀಸಿ ಅರಳೆ ಎದ್ದಿತು. ಒಂದು ಎಳೆ ತೇಲುತ್ತ ತೇಲುತ್ತ ಬಂದು ಮೌಲಿಯ ಬಲಗಣ್ಣಿನ ಮೇಲೆ, ನಟ್ಟನಡುವೆ, ಕುಳಿತಿತು. ಅವಳು ರೆಪ್ಪೆ ಬಡಿಯಲಿಲ್ಲ. ಎಳೆ ಅಲ್ಲೇ ಇತ್ತು, ಅವಳು ಸುಮ್ಮನೆ ಬಾಗಿಲ ಕಡೆ ನೋಡುತ್ತಿದ್ದಳು. ಅವ್ವ ಕೈಯಲ್ಲಿದ್ದ ಅರಳೆಯನ್ನು ಬಿಟ್ಟು ಎದ್ದಳು. ಅವಳ ಗಂಟಲಿಂದ ಬಂದ ಸದ್ದನ್ನು ನಾನು ಬರೆಯಲಾರೆ.

ಅಪ್ಪ ಮರುದಿನ ಬಂದ. ಚಪ್ಪಲಿ ಬಿಡದೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಳ್ಳಾರಿಗೆ ಹೋದ. ಒಂದು ಕಣ್ಣು ಕರಗಿ ಹೋಗಿದೆ, ಇನ್ನೊಂದರ ಮೇಲೆ ಬಿಳೀ ಹೂವು ಕೂತಿದೆ, ಇನ್ನು ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದರು. ಏನು ಹಾಕಿದ್ದಿರಿ ಎಂದು ಕೇಳಿದರಂತೆ. ಅಪ್ಪ ಸುರ್ಮಾ ಎಂದನಂತೆ. ದಡಾರವೊಂದೇ ಸಾಕು ಇಷ್ಟಕ್ಕೆ, ಊಟವಿಲ್ಲದ ಕೂಸುಗಳಿಗೆ ಹೀಗಾಗುತ್ತದೆ, ನಿಮ್ಮ ಸುರ್ಮಾ ಎಷ್ಟು ಕೆಡಿಸಿತು ಎಂದು ಈಗ ಹೇಳಲು ಬರುವುದಿಲ್ಲ ಅಂದರಂತೆ. ಆ ಮಾತು ನಮ್ಮ ಮನೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಸುರ್ಮಾದಿಂದಲೇ ಹೋಯಿತು ಎಂದಿದ್ದರೆ ಅಜ್ಜಿಯನ್ನು ಶಪಿಸಿ ಮುಗಿಸಬಹುದಿತ್ತು. ದಡಾರದಿಂದಲೇ ಎಂದಿದ್ದರೆ ದೇವರಿಗೆ ಬಿಡಬಹುದಿತ್ತು. ಎರಡೂ ಆಗಲಿಲ್ಲ. ಅವ್ವ ಅಜ್ಜಿಗೆ ಅನ್ನ ಇಕ್ಕುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಮಾತು ಮಾತ್ರ ಬಿಟ್ಟಳು. ಅಪ್ಪ ಅವತ್ತಿನಿಂದ ಊರೂರು ತಿರುಗುವುದನ್ನು ಹೆಚ್ಚು ಮಾಡಿದ.

ಸುದ್ದಿ ಕೇಳಿ ನರ್ಸಮ್ಮ ಬಂದಳು. ಬೈಯಲು ಬಂದಿದ್ದಳೆಂದು ಕಾಣುತ್ತದೆ, ಮೌಲಿಯನ್ನು ನೋಡಿ ಅವಳ ಪಕ್ಕ ಕುಳಿತಳು. ಅವ್ವ ಕೊಟ್ಟ ಚಹಾ ಹಿಡಿದುಕೊಂಡಳು. ಅಜ್ಜಿಯೇ ಮೂಲೆಯಿಂದ ಮಾತಾಡಿದಳು.

"ನರ್ಸಮ್ಮ, ಒಂದು ಮಾತು ಕೇಳ್ತೀನಿ. ಮುಟ್ಟಿದಾವ ಸಾಯ್ತಾನ ಅಂತ ಐತಂದಿ ನಿಮ್ಮ ಶಾಸ್ತ್ರದಾಗ."

"ಹೂಂ."

"ಮುಟ್ಟಿದಾಕಿ ನಾನು. ಒಡದಾಕಿ ನಾನು, ಅರದಾಕಿ ನಾನು. ನನಗೇನೂ ಆಗ್ಲಿಲ್ಲಲ್ಲ. ಕೂಸೇನು ಮಾಡಿತ್ತು?"

ನರ್ಸಮ್ಮ ಲೋಟವನ್ನು ಕೆಳಗಿಟ್ಟಳು. ಚಹಾ ಆರಿ ಕೆನೆ ಕಟ್ಟಿತು. ಎದ್ದು ಹೋಗುವಾಗ ಅಜ್ಜಿಯ ಹೆಗಲ ಮೇಲೆ ಒಂದು ಗಳಿಗೆ ಕೈ ಇಟ್ಟು ಹೋದಳು.

ಅದಾದ ಮೇಲೆ ಒಂದು ಜುಮ್ಮಾದ ದಿನ ಹೊಸಹಳ್ಳಿ ಕಡೆಯ ಕುರುಬರ ಹೆಂಗಸೊಬ್ಬಳು ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಅವನಿಗೆ ಕಣ್ಣು ಬೇನೆ. ನಮ್ಮ ಮನೆಯ ಸುದ್ದಿ ಅವಳಿಗೆ ತಿಳಿದಿರಲಿಲ್ಲ. "ಸಾಬರಜ್ಜಿ, ಒಂದೀಟು ಹಚ್ಚಿ ಕೊಡವ್ವ" ಎಂದು ಹೊಸಲ ಮೇಲೆ ಕುಳಿತಳು. ಅವ್ವ ಒಲೆಯ ಮುಂದೆ ಕಲ್ಲಾದಳು. ನಾನು ಗೂಡಿನ ಕಡೆ ನೋಡಿದೆ. ಹಸಿರು ಗಂಟು ಅಲ್ಲೇ ಇತ್ತು, ಅದರೊಳಗೆ ಕಲ್ಲು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಆ ಗಂಟು ಹೊಸಲ ಮೇಲಿದ್ದವರಿಗೂ ಕಾಣುತ್ತಿತ್ತು. ಅಜ್ಜಿ ಬಹಳ ಹೊತ್ತು ಆ ಕೂಸಿನ ಮುಖವನ್ನೇ ನೋಡಿದಳು.

"ಇಲ್ಲವ್ವ" ಅಂದಳು. "ಗುಡ್ಡ ಮುಗೀತು. ದವಾಖಾನಿಗೆ ಹೋಗು."

ಅದಕ್ಕಿಂತ ಹೆಚ್ಚು ಅವಳು ಯಾರಿಗೂ ಏನನ್ನೂ ಹೇಳಲಿಲ್ಲ. ಮತ್ತೆ ಅರೆಯಲೂ ಇಲ್ಲ. ಕೆಲವು ವರ್ಷ ಮೌಲಿಯ ಕೈ ಹಿಡಿದು ಹಿತ್ತಲಿಗೆ, ಬೀದಿಗೆ, ಬಾವಿಗೆ ಅವಳೇ ತಿರುಗಾಡಿಸಿದಳು. ಆಮೇಲೆ ಅವಳ ಕಣ್ಣಿಗೂ ಪೊರೆ ಬಂದು, ಮೌಲಿ ಅವಳ ಕೈ ಹಿಡಿದು ತಿರುಗಾಡಿಸಿದಳು. ಒಂದು ಚಳಿಗಾಲ ಅಜ್ಜಿ ಹಾಗೇ ತೀರಿಹೋದಳು. ಅವ್ವ ಅತ್ತಳು, ನನಗೆ ಆಶ್ಚರ್ಯವಾಯಿತು. ಕಲ್ಲು ಏನಾಯಿತು ಎಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ.

ಹಿಂಜುವ ಮಿಷನ್ನು ಬಂತು, ಸ್ಪಂಜಿನ ಗಾದಿ ಬಂತು, ಅಪ್ಪನ ಎದೆ ದೂಳು ತುಂಬಿ ನಿಂತಿತು. ಅವ್ವನೂ ಹೋದಳು. ಮನೆ ಮಾರಿದೆವು, ಕೊಂಡವರು ಕೆಡವಿ ಅಲ್ಲಿ ಅಂಗಡಿ ಕಟ್ಟಿದರು. ಮೌಲಿಯನ್ನು ನಾನು ನನ್ನ ಜೊತೆಗೆ ಹಗರಿಬೊಮ್ಮನಹಳ್ಳಿಗೆ, ನಾನಿರುವ ಮನೆಗೆ, ಕರೆದುಕೊಂಡು ಬಂದೆ. ಅವಳು ಅರಳೆಯನ್ನು ಮುಟ್ಟಿಯೇ ಬೀಜ, ಕಸ, ಎಲ್ಲ ಬೇರೆ ಮಾಡುತ್ತಿದ್ದಳು, ಕೌದಿ ಹೊಲಿಯುತ್ತಿದ್ದಳು. ಅಜ್ಜಿಯನ್ನು ಒಂದು ದಿನವೂ ಬೈದವಳಲ್ಲ. ನಾನು ಬೈದರೆ, "ಬಿಡಕ್ಕಾ, ಆಕಿ ತೊಡಿ ಎಷ್ಟು ಮೆತ್ತಗಿತ್ತು" ಅನ್ನುವಳು.

ಅವಳಿಗೆ ಐದು ವರ್ಷದ ತನಕ ಕಂಡದ್ದಷ್ಟೇ ಆಸ್ತಿ. ಅದರಲ್ಲಿ ಏನೊಂದೂ ಮಾಸಲಿಲ್ಲ. ನಮ್ಮ ಬಾಗಿಲಿಗೆ ನೀಲಿ ಬಣ್ಣ ಇತ್ತು ಎಂಬುದು ನನಗೆ ಮರೆತೇಹೋಗಿತ್ತು, ಅವಳು ಹೇಳುವಳು. ಅಪ್ಪನ ಹಸಿರು ಲುಂಗಿ, ಮುದಿ ಬೆಕ್ಕಿನ ಹರಿದ ಕಿವಿ, ಪಡಸಾಲೆಯ ಗೋಡೆಯ ಮೇಲಿನ ಎಣ್ಣೆ ಕಲೆ, ಎಲ್ಲ ಹೇಳುವಳು. ಅವ್ವನ ತಲೆ ಬೆಳ್ಳಗಾಗಿದೆ ಎಂದು ನಾನೊಮ್ಮೆ ಅಂದೆ. "ಹುಚ್ಚಿ, ಅವ್ವನ ಕೂದಲ ಕರ್ರಗ ಅದಾವ" ಎಂದು ನಕ್ಕುಬಿಟ್ಟಳು. ನಮಗೆ ಹಲ್ಲು ಬಿದ್ದವು, ಬೆನ್ನು ಬಾಗಿತು, ಅವಳ ಲೆಕ್ಕದಲ್ಲಿ ನಮ್ಮಲ್ಲಿ ಯಾರಿಗೂ ವಯಸ್ಸಾಗಲಿಲ್ಲ. ಕೆಡವಿದ ಮನೆಯೂ ಅವಳ ಮಟ್ಟಿಗೆ ನಿಂತೇ ಇತ್ತು.

ಹೋದ ಮಳೆಗಾಲದಲ್ಲಿ ಮೌಲಿ ಜ್ವರ ಬಂದು ತೀರಿಕೊಂಡಳು. ಮಳೆಯಲ್ಲೇ ಮಣ್ಣು ಮಾಡಿ ಬಂದರು. ನಾನು ಅವಳ ಬುದ್ಧಿಯಲ್ಲಿ ಕೊನೆಯ ತನಕ ಒಂಬತ್ತು ವರ್ಷದ ಹುಡುಗಿ, ಎರಡು ಜಡೆ, ಕೆಂಪು ರಿಬ್ಬನ್ನು. ಈಗ ಆ ಹುಡುಗಿಯನ್ನು ನೋಡಿದವರು ಯಾರೂ ಉಳಿದಿಲ್ಲ.